ಟಸ್ಕನಿಯ ಬಳ್ಳಿ, ಹಂಪಿ ಸೀಮೆಯ ನೆಲ: ಸಾಂಜೊವೇಸೆ ಕೆಂಪು ವೈನಿನ ಗುಣ ಮತ್ತು ಮೂಲ

ಇಟಲಿಯ ಹೆಸರಾಂತ ಕೆಂಪು ವೈನುಗಳು ಬಹುಮಟ್ಟಿಗೆ ಊರಿನ ಇಲ್ಲವೇ ಸೀಮೆಯ ಹೆಸರಿನಿಂದಲೇ ಗುರುತಾಗುತ್ತವೆ. ಕಿಯಾಂತಿ, ಮೊಂತಾಲ್ಚಿನೊ, ಬರೋಲೊ ಎಂಬವು ನಕ್ಷೆಯಲ್ಲಿ ತೋರಿಸಬಹುದಾದ ಗುಡ್ಡಗಾಡಿನ ಸ್ಥಳಗಳು. ಆ ಸ್ಥಳದ ಗಡಿ, ಅಲ್ಲಿ ನೆಡಬಹುದಾದ ಬಳ್ಳಿ, ತೆಗೆಯಬಹುದಾದ ಇಳುವರಿ, ಮಾರುವ ಮೊದಲು ವೈನನ್ನು ಪೀಪಾಯಿಯಲ್ಲಿ ಇಡಬೇಕಾದ ಕಾಲ ಇವೆಲ್ಲವನ್ನೂ ಕಾನೂನು ಗೊತ್ತುಪಡಿಸಿರುವುದರಿಂದ, ಬಾಟಲಿಯ ಮೇಲೆ ದ್ರಾಕ್ಷಿಯ ತಳಿ ಅಚ್ಚಾಗಿಲ್ಲದಿದ್ದರೂ ಒಳಗಿರುವುದು ಏನೆಂಬುದು ಬಲ್ಲವರಿಗೆ ತಿಳಿಯುತ್ತದೆ. ಕರ್ನಾಟಕದ ವೈನುಗಳ ರೂಢಿ ಬೇರೆ. ಇಲ್ಲಿ ಕಂಪನಿಯ ಹೆಸರೂ ತಳಿಯ ಹೆಸರೂ ದೊಡ್ಡ ಅಕ್ಷರದಲ್ಲಿದ್ದು ಊರು ಸಣ್ಣ ಅಕ್ಷರಕ್ಕೆ ಇಳಿಯುತ್ತದೆ. ಕಳೆದ ಎರಡು ದಶಕಗಳಲ್ಲಿ ಟಸ್ಕನಿ ಪ್ರಾಂತದ ಪ್ರಧಾನ ತಳಿಯಾದ ಸಾಂಜೊವೇಸೆ ಕೊಪ್ಪಳ ಜಿಲ್ಲೆಗೂ, ಗಡಿಯಾಚೆಯ ಸೊಲ್ಲಾಪುರ ಜಿಲ್ಲೆಗೂ ಬಂದು ಬೇರೂರಿರುವುದರಿಂದ, ಒಂದೇ ಬಳ್ಳಿ ಎರಡು ನೆಲಗಳಲ್ಲಿ ಎರಡು ಬಗೆಯ ವೈನಾಗುವ ಪರಿಯನ್ನು ಕನ್ನಡದ ಓದುಗರು ಹತ್ತಿರದ ಉದಾಹರಣೆಯಿಂದಲೇ ಅರಿಯಬಹುದಾಗಿದೆ.

ಬಳ್ಳಿಯ ಸ್ವಭಾವ

ಸಾಂಜೊವೇಸೆ ಇಟಲಿಯಲ್ಲಿ ಅತಿ ಹೆಚ್ಚು ವಿಸ್ತೀರ್ಣದಲ್ಲಿ ಬೆಳೆಯುವ ಕೆಂಪು ದ್ರಾಕ್ಷಿ. ಇದು ವಸಂತದಲ್ಲಿ ಬೇಗ ಚಿಗುರಿ, ಹಣ್ಣಾಗಲು ತಡಮಾಡುವ ತಳಿಯಾದ್ದರಿಂದ ಬಳ್ಳಿಯ ಮೇಲೆ ಹಣ್ಣು ದೀರ್ಘಕಾಲ ನಿಲ್ಲುತ್ತದೆ. ಆ ಅವಧಿಯಲ್ಲಿ ಸಕ್ಕರೆ ಏರಿದರೂ ಹುಳಿ ಅಷ್ಟು ಬೇಗ ಇಳಿಯದಿರುವುದು ಈ ತಳಿಯ ಮುಖ್ಯ ಗುಣ. ಸಿಪ್ಪೆ ತೆಳು, ಬಣ್ಣದ ಅಂಶ ಮಿತ. ಹೀಗಾಗಿ ಇದರ ವೈನು ಕಪ್ಪುಗೆಂಪಾಗದೆ ಮಾಣಿಕ್ಯದ ಬಣ್ಣದಲ್ಲಿದ್ದು, ವರ್ಷಗಳು ಕಳೆದಂತೆ ಅಂಚಿನಲ್ಲಿ ಇಟ್ಟಿಗೆಯ ಛಾಯೆ ಪಡೆಯುತ್ತದೆ. ಎಳೆಯ ವೈನಿನಲ್ಲಿ ಹುಳಿ ಚೆರ್ರಿಯ ವಾಸನೆ ಮುಂದಿರುತ್ತದೆ. ಹಳತಾದಂತೆ ಒಣಗಿದ ಸೊಪ್ಪು, ತೊಗಲು, ಹೊಗೆಸೊಪ್ಪು, ಒದ್ದೆ ಮಣ್ಣು ಇವುಗಳನ್ನು ನೆನಪಿಸುವ ವಾಸನೆಗಳು ಸೇರುತ್ತವೆ.

ಕೆಂಪು ವೈನಿನ ಬಣ್ಣ ಬರುವುದು ರಸದಿಂದಲ್ಲ, ಸಿಪ್ಪೆಯಿಂದ. ದ್ರಾಕ್ಷಿಯನ್ನು ಜಜ್ಜಿ ಸಿಪ್ಪೆ ಬೀಜಗಳ ಸಮೇತ ತೊಟ್ಟಿಯಲ್ಲಿಟ್ಟಾಗ ಯೀಸ್ಟ್ ಎಂಬ ಸೂಕ್ಷ್ಮಜೀವಿ ಸಕ್ಕರೆಯನ್ನು ಮದ್ಯಸಾರವಾಗಿ ಮಾರ್ಪಡಿಸುತ್ತದೆ. ಈ ಹುದುಗುವಿಕೆ ನಡೆಯುವ ದಿನಗಳಲ್ಲಿ ಸಿಪ್ಪೆಯ ಬಣ್ಣ ಮತ್ತು ಟ್ಯಾನಿನ್ ರಸಕ್ಕೆ ಇಳಿಯುತ್ತವೆ. ಟ್ಯಾನಿನ್ ಎಂದರೆ ಬಾಯಿ ಒಣಗಿಸಿ ನಾಲಗೆ ಬಿಗಿಯುವಂತೆ ಮಾಡುವ ಒಗರಿನ ಪದಾರ್ಥ. ಚನ್ನಗಿರಿ, ಹೊನ್ನಾಳಿ ಸೀಮೆಯವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಹಸಿ ಅಡಿಕೆ ಬೇಯಿಸಿದ ಹಂಡೆಯಲ್ಲಿ ಉಳಿಯುವ ಚೊಗರಿನಲ್ಲಿ ದಂಡಿಯಾಗಿರುವುದು ಇದೇ ವರ್ಗದ ಪದಾರ್ಥ, ಮತ್ತು ಎಳೆಗಾಯಿಯ ಒಗರಿಗೂ ಬಲಿತ ಕಾಯಿಯ ಒಗರಿಗೂ ಇರುವ ಅಂತರವನ್ನು ಬಾಯಲ್ಲಿ ಗುರುತಿಸಬಲ್ಲವರು ಸಾಂಜೊವೇಸೆಯ ಒಗರು ಮಾಗಿದೆಯೇ ಇಲ್ಲವೇ ಎಂಬುದನ್ನೂ ಮೊದಲ ಗುಟುಕಿನಲ್ಲೇ ಹೇಳಬಲ್ಲರು. ಈ ತಳಿಯ ವೈನಿನ ಬಲವೂ ತೊಡಕೂ ಒಂದೇ ಕಡೆ ಇವೆ: ಹುಳಿ ಮತ್ತು ಒಗರು ಎರಡೂ ಎತ್ತರದಲ್ಲಿದ್ದು, ಹಣ್ಣು ಚೆನ್ನಾಗಿ ಮಾಗಿದ ವರ್ಷ ಅವು ವೈನಿಗೆ ದಶಕಗಳ ಆಯುಷ್ಯ ಕೊಡುತ್ತವೆ, ಮಾಗದ ವರ್ಷ ಅದೇ ವೈನು ಬರಡಾಗಿ ಕಾಣುತ್ತದೆ.

ಸಾಂಜೊವೇಸೆಗೆ ಊರಿಗೊಂದು ಹೆಸರಿರುವುದು ಕೊಳ್ಳುವವರನ್ನು ಗೊಂದಲಕ್ಕೆ ಈಡುಮಾಡುವ ಸಂಗತಿ. ಮೊಂತಾಲ್ಚಿನೊದಲ್ಲಿ ಇದು ಬ್ರುನೆಲ್ಲೊ, ಮೊಂತೆಪುಲ್ಚಾನೊ ಊರಿನಲ್ಲಿ ಪ್ರುನ್ಯೊಲೊ ಜೆಂಟಿಲೆ, ಸ್ಕಾನ್ಸಾನೊದಲ್ಲಿ ಮೊರೆಲ್ಲಿನೊ. ಇದರ ಮೇಲೆ ಇನ್ನೊಂದು ತೊಡಕೂ ಇದೆ: ಟಸ್ಕನಿಯ ಮೊಂತೆಪುಲ್ಚಾನೊ ಎಂಬ ಊರಿನ 'ವೀನೊ ನೋಬಿಲೆ' ವೈನು ಸಾಂಜೊವೇಸೆಯದ್ದಾದರೆ, ಅಂಗಡಿಗಳಲ್ಲಿ ಅಗ್ಗಕ್ಕೆ ಸಿಗುವ 'ಮೊಂತೆಪುಲ್ಚಾನೊ ದಬ್ರುತ್ಸೊ' ಎಂಬುದು ಅಬ್ರುತ್ಸೊ ಪ್ರಾಂತದಲ್ಲಿ ಮೊಂತೆಪುಲ್ಚಾನೊ ಎಂಬ ಬೇರೊಂದು ತಳಿಯಿಂದ ಮಾಡಿದ್ದು. ಎರಡಕ್ಕೂ ಹೆಸರಿನ ಹೊರತು ನಂಟಿಲ್ಲ.

ಗಡಿ ಎಳೆದ ಚರಿತ್ರೆ

ವೈನಿನ ಸೀಮೆಗೆ ಗಡಿ ಹಾಕುವ ಕೆಲಸ ಟಸ್ಕನಿಯಲ್ಲಿ ಆಧುನಿಕ ಕಾನೂನುಗಳಿಗಿಂತ ಬಹಳ ಹಳೆಯದು. 1716ರಲ್ಲಿ ಟಸ್ಕನಿಯ ಮಹಾಪ್ರಭು ಮೂರನೆಯ ಕೋಸಿಮೊ ಮೆದಿಚಿ ಒಂದು ಶಾಸನ ಹೊರಡಿಸಿ ಕಿಯಾಂತಿ, ಪೊಮಿನೊ, ಕಾರ್ಮಿನ್ಯಾನೊ ಮತ್ತು ಮೇಲಿನ ಆರ್ನೊ ಕಣಿವೆ ಎಂಬ ನಾಲ್ಕು ಸೀಮೆಗಳ ಎಲ್ಲೆಗಳನ್ನು ಗೊತ್ತುಪಡಿಸಿದನು. ಅನ್ಯ ಸ್ಥಳದ ವೈನನ್ನು ಆ ಹೆಸರುಗಳಲ್ಲಿ ಮಾರದಂತೆ ತಡೆಯುವುದು ಅದರ ಉದ್ದೇಶವಾಗಿತ್ತು. ಮುಂದೆ 1872ರಲ್ಲಿ ಇಟಲಿಯ ಮಾಜಿ ಪ್ರಧಾನಿಯೂ ಬ್ರೋಲಿಯೊ ಕೋಟೆಯ ಒಡೆಯನೂ ಆಗಿದ್ದ ಬೆತ್ತಿನೊ ರಿಕಾಸೊಲಿ, ಹಲವು ವರ್ಷಗಳ ಪ್ರಯೋಗದ ಬಳಿಕ ಕಿಯಾಂತಿಯ ಪಾಕವನ್ನು ಒಂದು ಪತ್ರದಲ್ಲಿ ವಿವರಿಸಿದನು. ಪರಿಮಳ ಮತ್ತು ಕಸುವಿಗೆ ಸಾಂಜೊವೇಸೆ, ಅದರ ಗಡಸುತನ ತಗ್ಗಿಸಲು ಕನಾಯೊಲೊ, ಬೇಗ ಕುಡಿಯುವ ವೈನಿಗೆ ಮಾತ್ರ ಬಿಳಿ ಮಲ್ವಾಸಿಯ ಎಂಬುದು ಅವನ ಅಭಿಪ್ರಾಯವಾಗಿತ್ತು. ಕೊನೆಯ ಮಾತಿನ ಷರತ್ತನ್ನು ಮರೆತ ನಂತರದ ತಲೆಮಾರುಗಳು ಎಲ್ಲ ಕಿಯಾಂತಿಗೂ ಬಿಳಿ ದ್ರಾಕ್ಷಿ ಬೆರೆಸಿ ಅದರ ಹೆಸರನ್ನು ಕೆಡಿಸಿದವು ಎನ್ನದೆ ಗತ್ಯಂತರವಿಲ್ಲ.

ಹೆಸರಿಗೆ ಬೇಡಿಕೆ ಬಂದಾಗ ಗಡಿ ಹಿಗ್ಗುತ್ತದೆ. 1932ರ ಆದೇಶವು ಫ್ಲಾರೆನ್ಸ್ ಮತ್ತು ಸಿಯೆನಾ ನಗರಗಳ ನಡುವಣ ಮೂಲ ಕಿಯಾಂತಿಯ ಸುತ್ತಲಿನ ವಿಶಾಲ ಪ್ರದೇಶಕ್ಕೂ ಅದೇ ಹೆಸರನ್ನು ಹಂಚಿತು. ಮೂಲ ಸೀಮೆಯ ಬೆಳೆಗಾರರು 1924ರಲ್ಲೇ ಸಂಘ ಕಟ್ಟಿಕೊಂಡು ಕಪ್ಪು ಹುಂಜವನ್ನು ತಮ್ಮ ಗುರುತಾಗಿ ಸ್ವೀಕರಿಸಿದ್ದರು. ಈಗಲೂ 'ಕಿಯಾಂತಿ ಕ್ಲಾಸಿಕೊ' ಎಂಬ ಬಾಟಲಿಯ ಮೇಲೆ ಆ ಹುಂಜವಿರುತ್ತದೆ, ಬರೀ 'ಕಿಯಾಂತಿ' ಎಂದಿರುವುದರ ಮೇಲೆ ಇರುವುದಿಲ್ಲ. ಕ್ಲಾಸಿಕೊದಲ್ಲಿ ಸಾಂಜೊವೇಸೆ ಕನಿಷ್ಠ ಶೇ 80ರಷ್ಟಿರಬೇಕು; ಬಿಳಿ ದ್ರಾಕ್ಷಿಯ ಬೆರಕೆಗೆ 2006ರಿಂದ ಅವಕಾಶವಿಲ್ಲ. 1963ರಲ್ಲಿ ಇಟಲಿ ಇಡೀ ದೇಶಕ್ಕೆ ಅನ್ವಯಿಸುವ ಮೂಲನಾಮದ ಕಾನೂನು ತಂದಿತು. ಅದರಂತೆ ಡಿಒಸಿ ಎಂದರೆ ನಿಯಂತ್ರಿತ ಮೂಲದ ಹೆಸರು. ಡಿಒಸಿಜಿ ಎಂದರೆ ನಿಯಂತ್ರಣದ ಜೊತೆಗೆ ಖಾತರಿಯೂ ಇರುವ ಮೇಲಿನ ದರ್ಜೆ, ಇದರಲ್ಲಿ ವೈನು ಪ್ರಯೋಗಾಲಯದ ಪರೀಕ್ಷೆಯನ್ನೂ ತಜ್ಞರ ರುಚಿ ಪರೀಕ್ಷೆಯನ್ನೂ ದಾಟಬೇಕು. 1992ರಲ್ಲಿ ಸೇರಿದ ಐಜಿಟಿ ಎಂಬ ಸಡಿಲ ದರ್ಜೆಯು ಪ್ರಾಂತವನ್ನಷ್ಟೇ ಸೂಚಿಸುತ್ತದೆ. ಆದರೂ ದರ್ಜೆ ಕೆಳಗಿದ್ದಲ್ಲಿ ವೈನೂ ಕೀಳೆಂದು ತಿಳಿಯುವುದು ಸರಿಯಲ್ಲ. 1971ರ ಕೊಯ್ಲಿನಿಂದ ಆಂತಿನೊರಿ ಮನೆತನ ಮಾಡಿದ ತಿನ್ಯಾನೆಲ್ಲೊ, ಅಂದಿನ ಕಿಯಾಂತಿಯ ನಿಯಮಗಳನ್ನು ಬೇಕೆಂದೇ ತೊರೆದು ಸಾಮಾನ್ಯ ಮೇಜಿನ ವೈನೆಂಬ ಹಣೆಪಟ್ಟಿಯಲ್ಲೇ ಟಸ್ಕನಿಯ ಅತ್ಯಂತ ಬೆಲೆಬಾಳುವ ವೈನುಗಳ ಸಾಲಿಗೆ ಸೇರಿತು.

ಮೊಂತಾಲ್ಚಿನೊದ ಗುಡ್ಡ

ಸಾಂಜೊವೇಸೆ ಯಾವ ಬೆರಕೆಯೂ ಇಲ್ಲದೆ ತನ್ನ ಪೂರ್ಣ ಸ್ವರೂಪ ತೋರಿಸುವ ಸ್ಥಳವೆಂದರೆ ಸಿಯೆನಾದಿಂದ ದಕ್ಷಿಣಕ್ಕೆ ಸುಮಾರು 40 ಕಿಲೋಮೀಟರ್ ದೂರದ ಮೊಂತಾಲ್ಚಿನೊ. ಊರು 564 ಮೀಟರ್ ಎತ್ತರದ ಗುಡ್ಡದ ನೆತ್ತಿಯಲ್ಲಿದ್ದು, ತೋಟಗಳು ಅದರ ನಾಲ್ಕೂ ಕಡೆಯ ಇಳಿಜಾರುಗಳಲ್ಲಿ ಹರಡಿವೆ. ಆಗ್ನೇಯ ದಿಕ್ಕಿನಲ್ಲಿ 1,738 ಮೀಟರ್ ಎತ್ತರದ ಅಮಿಯಾತ ಎಂಬ ಆರಿದ ಜ್ವಾಲಾಮುಖಿ ನಿಂತು ಬಿರುಮಳೆ ಆಲಿಕಲ್ಲುಗಳ ರಭಸವನ್ನು ತಡೆಯುತ್ತದೆ. ಪಶ್ಚಿಮದ ಸಮುದ್ರದಿಂದ ಬೀಸುವ ಗಾಳಿ ಗೊಂಚಲುಗಳನ್ನು ಒಣಗಿಸಿ ಬೂಷ್ಟು ಹತ್ತದಂತೆ ಕಾಯುತ್ತದೆ. ಉತ್ತರದ ಇಳಿಜಾರು ತಂಪು, ಅಲ್ಲಿನ ಹಣ್ಣು ತಡವಾಗಿ ಮಾಗಿ ವೈನು ತೆಳುವಾದ, ಪರಿಮಳ ಪ್ರಧಾನವಾದ ನಡೆ ಪಡೆಯುತ್ತದೆ. ದಕ್ಷಿಣದ ಸಾಂತಾಂಜೆಲೊ ಇನ್ ಕೊಲ್ಲೆ ಕಡೆಯದು ಬಿಸಿಲಿನ ನೆಲ, ಅಲ್ಲಿಯದು ತುಂಬಿದ ಮೈಯ, ಮದ್ಯಸಾರ ಹೆಚ್ಚಿರುವ ವೈನು. ಮಣ್ಣಿನಲ್ಲಿ ಗಲೆಸ್ಟ್ರೊ ಎಂಬ ಪದರು ಪದರಾಗಿ ಒಡೆಯುವ ಜೇಡಿಕಲ್ಲು ಮುಖ್ಯವಾದುದು. ಅದು ನೀರನ್ನು ಬಸಿದುಬಿಡುವುದರಿಂದ ಬೇರು ಆಳಕ್ಕೆ ಇಳಿಯುತ್ತದೆ, ಕಾಯಿ ಸಣ್ಣದಾಗುತ್ತದೆ, ಸಣ್ಣ ಕಾಯಿಯಲ್ಲಿ ರಸಕ್ಕಿಂತ ಸಿಪ್ಪೆಯ ಪಾಲು ಹೆಚ್ಚಾಗುತ್ತದೆ.

ಈ ವೈನಿನ ಆರಂಭ ಒಂದು ಮನೆತನದ ಹಟದಲ್ಲಿದೆ. ಕ್ಲೆಮೆಂತೆ ಸಾಂತಿ ಎಂಬ ಔಷಧ ವಿಜ್ಞಾನ ಬಲ್ಲ ಜಮೀನುದಾರನ ಮೊಮ್ಮಗನಾದ ಫೆರುಚ್ಚೊ ಬಿಯೊಂದಿ ಸಾಂತಿ, ಫಿಲೋಕ್ಸೆರಾ ಎಂಬ ಬೇರುಹೇನು ಯುರೋಪಿನ ದ್ರಾಕ್ಷಿ ತೋಟಗಳನ್ನು ನಾಶಮಾಡುತ್ತಿದ್ದ ಕಾಲದಲ್ಲಿ, ತನ್ನ ಇಲ್ ಗ್ರೆಪ್ಪೊ ತೋಟದ ಉತ್ತಮ ಬಳ್ಳಿಗಳನ್ನು ಆರಿಸಿ ಅವುಗಳ ಕಡ್ಡಿಗಳಿಂದಲೇ ಹೊಸ ತೋಟ ಬೆಳೆಸಿದನು. ಸುತ್ತಲಿನವರೆಲ್ಲ ಬೇಗ ಮಾರುವ, ಬೇಗ ಕುಡಿಯುವ ವೈನು ಮಾಡುತ್ತಿದ್ದಾಗ ಇವನು ಸಾಂಜೊವೇಸೆ ಒಂದನ್ನೇ ಬಳಸಿ ದೊಡ್ಡ ಓಕ್ ಪೀಪಾಯಿಗಳಲ್ಲಿ ವರ್ಷಗಟ್ಟಲೆ ಇಟ್ಟನು. 1888ರ ಕೊಯ್ಲಿನ ವೈನನ್ನು ಬ್ರುನೆಲ್ಲೊ ದಿ ಮೊಂತಾಲ್ಚಿನೊ ಪರಂಪರೆಯ ಮೊದಲ ಹೆಸರಾಂತ ವೈನೆಂದು ಗಣಿಸಲಾಗುತ್ತದೆ. 1966ರಲ್ಲಿ ಡಿಒಸಿ ಮಾನ್ಯತೆ ಬಂದಾಗಲೂ ಇದು ಬೆರಳೆಣಿಕೆಯ ಮನೆತನಗಳ ಸಣ್ಣ ಬೆಳೆಯಾಗಿತ್ತು. ಇಂದು ಬ್ರುನೆಲ್ಲೊ ತೋಟಗಳ ವಿಸ್ತೀರ್ಣ ಸುಮಾರು 2,100 ಹೆಕ್ಟೇರು. 1980ರಲ್ಲಿ ಡಿಒಸಿಜಿ ದರ್ಜೆ ದೊರೆತ ಮೊದಲ ವೈನುಗಳಲ್ಲಿ ಇದೂ ಸೇರಿತು.

ಇಲ್ಲಿನ ನಿಯಮಗಳನ್ನು ಕೃಷಿಕರ ದೃಷ್ಟಿಯಿಂದ ಓದಿದರೆ ಅಚ್ಚರಿಯಾಗುತ್ತದೆ. ಹೆಕ್ಟೇರಿಗೆ 8 ಟನ್ನಿಗಿಂತ ಹೆಚ್ಚು ಹಣ್ಣು ತೆಗೆಯುವಂತಿಲ್ಲ, ಎಂದರೆ ಎಕರೆಗೆ ಸುಮಾರು 3.2 ಟನ್, ವಿಜಯಪುರದ ಒಣದ್ರಾಕ್ಷಿ ಬೆಳೆಗಾರರು ಇದರ ಹಲವು ಪಟ್ಟು ಇಳುವರಿ ತೆಗೆಯುತ್ತಾರೆ. ಬರಗಾಲದ ತುರ್ತಿಗೆ ಬಿಟ್ಟರೆ ನೀರು ಹಾಯಿಸುವಂತಿಲ್ಲ. ಬಳ್ಳಿ ಚೆನ್ನಾಗಿ ಹಿಡಿದ ವರ್ಷ ಬೇಸಿಗೆಯಲ್ಲೇ ಹಸಿರು ಗೊಂಚಲುಗಳನ್ನು ಕತ್ತರಿಸಿ ನೆಲಕ್ಕೆ ಬಿಡುವುದೂ ಉಂಟು, ಉಳಿದ ಗೊಂಚಲುಗಳಿಗೆ ಸಾರ ಹೋಗಲೆಂದು. ಕೊಯ್ಲಾದ ಮೇಲೆ ಕನಿಷ್ಠ ಎರಡು ವರ್ಷ ಮರದ ಪೀಪಾಯಿಯಲ್ಲಿ, ನಾಲ್ಕು ತಿಂಗಳು ಬಾಟಲಿಯಲ್ಲಿ ಇರಬೇಕು. ಕೊಯ್ಲಿನ ನಂತರದ ಐದನೆಯ ವರ್ಷದ ಜನವರಿ 1ಕ್ಕಿಂತ ಮೊದಲು ಮಾರುವಂತಿಲ್ಲ. 2019ರ ಹಣ್ಣಿನ ಬ್ರುನೆಲ್ಲೊ ಅಂಗಡಿಗೆ ಬಂದದ್ದು 2024ರಲ್ಲಿ; 'ರಿಸರ್ವ' ಎಂದು ಬರೆದದ್ದು ಮತ್ತೊಂದು ವರ್ಷ ತಡ. ಇಷ್ಟು ಕಾಲ ಬಂಡವಾಳ ಹೂಡಿ ಕಾಯಲಾಗದ ಬೆಳೆಗಾರರಿಗೂ, ಇಷ್ಟು ಬೆಲೆ ಕೊಡಲಾಗದ ಕೊಳ್ಳುವವರಿಗೂ 'ರೊಸ್ಸೊ ದಿ ಮೊಂತಾಲ್ಚಿನೊ' ಎಂಬ ಕಿರಿಯ ವೈನು ಇದೆ. ಅದೂ ಪೂರ್ತಿ ಸಾಂಜೊವೇಸೆಯದು, ಅದೇ ಗುಡ್ಡದ್ದು, ಆದರೆ ಕೊಯ್ಲಿನ ಮರುವರ್ಷವೇ ಮಾರಾಟಕ್ಕೆ ಬರುತ್ತದೆ. ಈ ಸೀಮೆಯನ್ನು ಮೊದಲ ಬಾರಿ ಅರಿಯಬಯಸುವವರಿಗೆ ರೊಸ್ಸೊದಿಂದ ತೊಡಗುವುದೇ ಜಾಣತನ.

ಪೀಪಾಯಿಯ ವಿಷಯದಲ್ಲಿ ಅಲ್ಲಿಯೂ ಎರಡು ಪಕ್ಷಗಳಿವೆ. ಸಾವಿರಾರು ಲೀಟರಿನ ದೊಡ್ಡ ಹಳೆಯ ಪೀಪಾಯಿಯಲ್ಲಿ ಮರದ ವಾಸನೆ ವೈನಿಗೆ ಅಂಟುವುದಿಲ್ಲ, ಗಾಳಿಯ ಸಂಪರ್ಕವಷ್ಟೇ ನಿಧಾನವಾಗಿ ಒಗರನ್ನು ಮೆತ್ತಗಾಗಿಸುತ್ತದೆ. 225 ಲೀಟರಿನ ಹೊಸ ಫ್ರೆಂಚ್ ಓಕ್ ಪೀಪಾಯಿಯಲ್ಲಾದರೆ ವೆನಿಲ್ಲಾ, ಸುಟ್ಟ ಮರ, ಲವಂಗದ ವಾಸನೆಗಳು ಸೇರುತ್ತವೆ. ಸಾಂಜೊವೇಸೆಯಂತಹ ತೆಳುಬಣ್ಣದ ತಳಿಗೆ ಹಳೆಯ ಪದ್ಧತಿಯೇ ಹೆಚ್ಚು ಒಪ್ಪುತ್ತದೆ. ಹೊಸ ಮರದ ವಾಸನೆ ಜಾಸ್ತಿಯಾದರೆ ಗುಡ್ಡದ ಗುಣ ಅದರಡಿ ಮುಚ್ಚಿಹೋಗುತ್ತದೆ.

ಇಟಲಿಯ ವಾಯವ್ಯ ಮೂಲೆಯ ಪೀಡ್‌ಮಾಂಟ್ ಪ್ರಾಂತದ ಬರೋಲೊವನ್ನು ಇದರ ಪಕ್ಕದಲ್ಲಿಟ್ಟು ಒಂದು ಮಾತಿನಲ್ಲಿ ಹೇಳಬಹುದು. ಅದು ನೆಬ್ಬಿಯೊಲೊ ತಳಿಯದು, ಆಲ್ಬಾ ಪಟ್ಟಣದ ಬಳಿಯ ಹನ್ನೊಂದು ಗ್ರಾಮಗಳ ಗಡಿಯೊಳಗಿನದು, ಬಣ್ಣದಲ್ಲಿ ಸಾಂಜೊವೇಸೆಗಿಂತಲೂ ತೆಳು, ಒಗರಿನಲ್ಲಿ ಅದಕ್ಕಿಂತ ಗಡಸು, ಗುಲಾಬಿ ಮತ್ತು ಡಾಂಬರಿನ ವಾಸನೆಗೆ ಹೆಸರಾದುದು, ಮಾರುವ ಮೊದಲು ಕನಿಷ್ಠ 38 ತಿಂಗಳು ಕಾಯಬೇಕಾದುದು. ನೆಬ್ಬಿಯೊಲೊ ತನ್ನ ಗುಡ್ಡಗಳನ್ನು ಬಿಟ್ಟು ಬೇರೆಡೆ ಒಗ್ಗುವುದು ಅಪರೂಪ. ಸಾಂಜೊವೇಸೆಯಾದರೋ ಊರೂರು ಅಲೆಯಬಲ್ಲದು.

ದಖನ್ನಿನಲ್ಲಿ ತಲೆಕೆಳಗಾಗುವ ಋತು

ಕರ್ನಾಟಕಕ್ಕೆ ದ್ರಾಕ್ಷಿ ಹೊಸದಲ್ಲ. 16ನೆಯ ಶತಮಾನದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ವಿಜಯನಗರದ ಪೇಟೆಯಲ್ಲಿ ದ್ರಾಕ್ಷಿ ಮಾರಾಟಕ್ಕಿದ್ದುದನ್ನು ದಾಖಲಿಸಿದ್ದಾನೆ. ಆದರೆ ವೈನಿಗೆ ಬೇಕಾದ ಯುರೋಪಿನ ತಳಿಗಳ ವಾಣಿಜ್ಯ ಬೆಳೆ 1980ರ ದಶಕದಲ್ಲಷ್ಟೇ ಬೇರೂರಿತು. ಆಗ ಕನ್ವಲ್ ಗ್ರೋವರ್ ಅವರು ಫ್ರಾನ್ಸಿನ ಶಾಂಪೇನ್ ಪ್ರದೇಶದ ಜಾರ್ಜ್ ವೆಸೆಲ್ ಅವರ ಸಲಹೆಯೊಡನೆ ನಂದಿಬೆಟ್ಟದ ಸಮೀಪ, ದೊಡ್ಡಬಳ್ಳಾಪುರದ ಕಡೆ ಕ್ಯಾಬರ್ನೆ, ಶಿರಾಜ್ ಮುಂತಾದ ಫ್ರೆಂಚ್ ತಳಿಗಳನ್ನು ನೆಟ್ಟರು. ರಾಜ್ಯ ಸರ್ಕಾರ 2007ರಲ್ಲಿ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನು ತಂದು ವೈನ್ ಮಂಡಳಿಯನ್ನು ರಚಿಸಿದ ಮೇಲೆ ನಂದಿ ಕಣಿವೆ, ಕೃಷ್ಣಾ ಕಣಿವೆ, ಹಂಪಿ ಬೆಟ್ಟಗಳ ಸೀಮೆ ಎಂಬ ವಿಭಾಗಗಳು ಮಾತಿನಲ್ಲಿ ರೂಢಿಯಾದವು. ಕೃಷ್ಣಪ್ರಸಾದ್ ಮತ್ತು ಉಮಾ ಚಿಗುರುಪಾಟಿ ದಂಪತಿ ಕೊಪ್ಪಳ ಜಿಲ್ಲೆಯಲ್ಲಿ ಕಟ್ಟಿದ ಕರಿಸ್ಮಾ ಎಸ್ಟೇಟ್ಸ್ ಎಂಬ ತೋಟ ಫ್ರೆಂಚ್ ತಳಿಗಳ ಜೊತೆಗೆ ಸಾಂಜೊವೇಸೆಯನ್ನೂ ನೆಟ್ಟು ಆ ಒಂದೇ ತಳಿಯ ವೈನನ್ನು ಹಂಪಿ ಹಿಲ್ಸ್ ಎಂಬ ಸ್ಥಳನಾಮದೊಡನೆ ಮಾರುತ್ತದೆ. ಸೊಲ್ಲಾಪುರ ಜಿಲ್ಲೆಯ ಅಕ್ಲೂಜ್ ಬಳಿ ಇಟಲಿಯ ಸೆಚ್ಚಿ ಸಹೋದರರೂ ಭಾರತೀಯ ಪಾಲುದಾರರೂ ಕೂಡಿ ಆರಂಭಿಸಿದ ಫ್ರತೆಲ್ಲಿ ಸಂಸ್ಥೆಯ ವೈನುಗಳನ್ನು ರೂಪಿಸಿದವರು ಟಸ್ಕನಿಯವರೇ ಆದ ಪಿಯೆರೊ ಮಾಸಿ. ಅಲ್ಲಿನ 'ಸೆತ್ತೆ' ಎಂಬ ವೈನು ಸಾಂಜೊವೇಸೆ ಮತ್ತು ಕ್ಯಾಬರ್ನೆ ಸೊವಿನ್ಯೊಗಳ ಬೆರಕೆ.

ಬಳ್ಳಿ ಒಂದೇ ಆದರೂ ಅದರ ವರ್ಷ ಇಲ್ಲಿ ತಲೆಕೆಳಗಾಗುತ್ತದೆ. ಟಸ್ಕನಿಯಲ್ಲಿ ಚಳಿಗಾಲ ಬಂದಾಗ ಎಲೆ ಉದುರಿ ಬಳ್ಳಿ ನಿದ್ರೆಗೆ ಹೋಗುತ್ತದೆ. ಏಪ್ರಿಲ್‌ನಲ್ಲಿ ಚಿಗುರಿ, ಜೂನ್‌ನಲ್ಲಿ ಹೂಬಿಟ್ಟು, ಸೆಪ್ಟೆಂಬರ್ ಕೊನೆ ಅಕ್ಟೋಬರ್‌ನ ಹೊತ್ತಿಗೆ ಹಣ್ಣಾಗುತ್ತದೆ. ದಖನ್ನಿನಲ್ಲಿ ಬಳ್ಳಿಗೆ ನಿದ್ರೆಯೇ ಇಲ್ಲ. ಬಿಟ್ಟರೆ ವರ್ಷವಿಡೀ ಹಬ್ಬುತ್ತಲೇ ಇರುತ್ತದೆ. ಆದ್ದರಿಂದ ಬೆಳೆಗಾರರು ವರ್ಷಕ್ಕೆ ಎರಡು ಬಾರಿ ಚಾಟ್ನಿ, ಎಂದರೆ ಕಡ್ಡಿ ಸವರುವ ಕೆಲಸ ಮಾಡುತ್ತಾರೆ: ಏಪ್ರಿಲ್ ಚಾಟ್ನಿಯಿಂದ ಹೊಸ ಕಡ್ಡಿ ಬಲಿತು ಅದರ ಕಣ್ಣಿನೊಳಗೆ ಕಾಯಿ ಕಟ್ಟುವ ಶಕ್ತಿ ಕೂಡುತ್ತದೆ, ಮಳೆಗಾಲ ಹಿಂಜರಿಯುವಾಗ ಮಾಡುವ ಅಕ್ಟೋಬರ್ ಚಾಟ್ನಿಯಿಂದ ಹೂವು ಕಾಯಿ ಬರುತ್ತವೆ, ಕೊಯ್ಲು ಫೆಬ್ರುವರಿ ಮಾರ್ಚ್ ತಿಂಗಳುಗಳಲ್ಲಿ. ಮುಖ್ಯವಾದ ಅಂತರ ಇಲ್ಲಿದೆ. ಟಸ್ಕನಿಯ ಹಣ್ಣು ಕೊನೆಯ ವಾರಗಳಲ್ಲಿ ದಿನದಿಂದ ದಿನಕ್ಕೆ ತಣ್ಣಗಾಗುವ ಹವೆಯಲ್ಲಿ ಮಾಗುತ್ತದೆ. ರಾತ್ರಿಯ ತಂಪು ಹುಳಿಯನ್ನು ಉಳಿಸುತ್ತದೆ, ಸಿಪ್ಪೆಯ ಒಗರಿಗೆ ಬಲಿಯಲು ಸಮಯ ಸಿಗುತ್ತದೆ. ಕೊಪ್ಪಳದ ಹಣ್ಣು ಕೊನೆಯ ವಾರಗಳಲ್ಲಿ ಏರುವ ಬಿಸಿಲಿನಲ್ಲಿ ಮಾಗುತ್ತದೆ. ಸಕ್ಕರೆ ಓಡುತ್ತದೆ, ಹುಳಿ ಇಳಿಯುತ್ತದೆ, ಒಗರು ಮಾತ್ರ ಹಿಂದೆ ಉಳಿಯುವ ಅಪಾಯವಿರುತ್ತದೆ. ಬೆಳೆಗಾರ ಕಾದರೆ ವೈನು ಸಪ್ಪೆಯಾಗಿ ಮದ್ಯಸಾರದ ಬಿಸಿ ಹೆಚ್ಚುತ್ತದೆ, ಕಾಯದಿದ್ದರೆ ಎಳಸು ಒಗರು ನಾಲಗೆಗೆ ತಗಲುತ್ತದೆ. ಸಹಜವಾಗಿಯೇ ಹುಳಿ ಹಿಡಿದಿಡುವ ಸಾಂಜೊವೇಸೆ ಈ ಇಕ್ಕಟ್ಟಿನಲ್ಲಿ ಅನೇಕ ಫ್ರೆಂಚ್ ತಳಿಗಳಿಗಿಂತ ವಾಸಿ ಎಂಬುದು ಅದನ್ನು ಇಲ್ಲಿ ನೆಡುವುದಕ್ಕೆ ಇರುವ ಬಲವಾದ ಸಮರ್ಥನೆ.

ಹಂಪಿ ಸೀಮೆಗೆ ಅನುಕೂಲಗಳೂ ಇವೆ. ಮಳೆ ಕಡಿಮೆ, ಗಾಳಿ ಒಣ, ಗ್ರಾನೈಟ್ ಬಂಡೆ ಸವೆದು ಉಂಟಾದ ಕೆಂಪು ಮಣ್ಣಿನಲ್ಲಿ ನೀರು ನಿಲ್ಲುವುದಿಲ್ಲ. ಹನಿ ನೀರಾವರಿಯಿಂದ ಬಳ್ಳಿಗೆ ಎಷ್ಟು ಬೇಕೋ ಅಷ್ಟೇ ಕೊಟ್ಟು ಹತೋಟಿಯಲ್ಲಿಡಬಹುದು. ಒಣನೆಲಕ್ಕೂ ನೀರಿನ ನೆಲಕ್ಕೂ ಇರುವ ಅಂತರವನ್ನು ದಾವಣಗೆರೆ ಜಿಲ್ಲೆಯೊಳಗೇ ಕಾಣಬಹುದು. ಸೂಳೆಕೆರೆಯ ಮಗ್ಗುಲಲ್ಲಿರುವ ಕೆರೆಬಿಳಚಿ, ಭದ್ರಾ ನಾಲೆಯ ನೀರುಂಡ ಚನ್ನಗಿರಿ ಹೊನ್ನಾಳಿಗಳ ಭತ್ತ ಅಡಿಕೆಯ ನೆಲ ಈ ಬಳ್ಳಿಗೆ ಹೇಳಿದ್ದಲ್ಲ. ತೇವದಲ್ಲಿ ಬೂಜು ತುಪ್ಪಟ ರೋಗವೂ ಬೂದಿ ರೋಗವೂ ಬೆನ್ನು ಹತ್ತುತ್ತವೆ, ನೀರು ಕುಡಿದ ಬಳ್ಳಿ ಎಲೆಯನ್ನೇ ಬೆಳೆಸುತ್ತದೆ. ಹವೆಯ ಮಟ್ಟಿಗೆ ಜಗಳೂರಿನ ಒಣಭೂಮಿ ಕೊಪ್ಪಳಕ್ಕೆ ಹೆಚ್ಚು ಹತ್ತಿರ. ಹಾಗೆಂದು ಇದನ್ನು ಬೆಳೆಯ ಶಿಫಾರಸೆಂದು ಎಣಿಸಬಾರದು. ವೈನಿನ ದ್ರಾಕ್ಷಿಯನ್ನು ತಿನ್ನುವ ಹಣ್ಣಾಗಿ ಪೇಟೆಯಲ್ಲಿ ಮಾರಲಾಗದು, ವೈನರಿಯೊಂದಿಗೆ ಮುಂಗಡ ಕರಾರು ಇಲ್ಲದೆ ನೆಡುವುದು ದುಡುಕು.

ಹೆಸರಿನ ರಕ್ಷಣೆಯಲ್ಲಿ ಮಾತ್ರ ಭಾರತ ಹಿಂದಿದೆ. 1999ರ ಭೌಗೋಳಿಕ ಸೂಚಕ ಕಾಯ್ದೆಯಡಿ ಶಿರಸಿ ಸುಪಾರಿಗೆ 2019ರಲ್ಲಿ ಮಾನ್ಯತೆ ದೊರೆತಂತೆ, ನಾಸಿಕ್ ಕಣಿವೆಯ ವೈನಿಗೂ ಬೆಂಗಳೂರು ನೀಲಿ ದ್ರಾಕ್ಷಿಗೂ ದೊರೆತಿದೆ. ಆದರೆ ಬೆಂಗಳೂರು ನೀಲಿಯ ಮಾನ್ಯತೆ ಹಣ್ಣಿಗೆ ಸಂಬಂಧಿಸಿದ್ದು. ಬಾಟಲಿಯ ಮೇಲಿನ ಊರಿನ ಹೆಸರು ಇಂತಿಷ್ಟು ಇಳುವರಿಗೆ, ಇಂತಿಷ್ಟು ಕಾಲದ ಮಾಗಿಸುವಿಕೆಗೆ ಕಟ್ಟುಬಿದ್ದಿರುವ ಮೊಂತಾಲ್ಚಿನೊದ ಬಗೆಯ ಶಿಸ್ತು ಇಲ್ಲಿ ಬೆಳೆದಿಲ್ಲ. ಹೀಗಾಗಿ ಇಲ್ಲಿನ ವೈನು ಕೊಳ್ಳುವಾಗ ನೆಚ್ಚಬೇಕಾದದ್ದು ತಯಾರಕರನ್ನು.

ಕೊಳ್ಳುವಾಗ, ಬಡಿಸುವಾಗ

ಕನ್ನಡನಾಡಿನಲ್ಲಿ ವೈನ್ ಎಂದೊಡನೆ ಹಲವರಿಗೆ ನೆನಪಾಗುವುದು ಬೆಂಗಳೂರು ನೀಲಿಯಂತಹ ದ್ರಾಕ್ಷಿಯಿಂದ ಮಾಡುವ ಸಿಹಿಯಾದ ಪೋರ್ಟ್ ವೈನು. ಅದನ್ನು ಮನಸ್ಸಿನಲ್ಲಿಟ್ಟುಕೊಂಡು ಸಾಂಜೊವೇಸೆ ಕುಡಿದವರಿಗೆ ಅದು ಹುಳಿಯಾಗಿ, ಕೆಟ್ಟುಹೋದಂತೆ ತೋರುವುದು ಸಹಜ. ಇದರಲ್ಲಿ ಸಕ್ಕರೆಯೆಲ್ಲ ಹುದುಗಿ ಮುಗಿದಿರುತ್ತದೆ, ಸಿಹಿಯೆಂಬುದು ಇಲ್ಲ. ಹುಳಿ ಒಗರುಗಳ ಹಿಂದೆ ಹಣ್ಣಿನ ವಾಸನೆ ನಿಲ್ಲುತ್ತದೆಯೇ, ನುಂಗಿದ ಮೇಲೂ ಬಾಯಲ್ಲಿ ಎಷ್ಟು ಹೊತ್ತು ಉಳಿಯುತ್ತದೆ ಎಂಬುದೇ ಗುಣದ ಅಳತೆ.

ಇಟಲಿಯ ಬಾಟಲಿ ಕೊಳ್ಳುವವರು ಮೊದಲು ಸ್ಥಳದ ಹೆಸರನ್ನು, ಅದರ ಕೆಳಗೆ ಡಿಒಸಿಜಿ ದರ್ಜೆಯನ್ನು, ಬಳಿಕ ಕೊಯ್ಲಿನ ವರ್ಷವನ್ನು ನೋಡಬೇಕು. ಡಿಒಸಿಜಿ ಆಗಿದ್ದಲ್ಲಿ ಬಾಟಲಿಯ ಕತ್ತಿಗೆ ಕ್ರಮಸಂಖ್ಯೆಯುಳ್ಳ ಸರ್ಕಾರಿ ಕಾಗದದ ಪಟ್ಟಿ ಅಂಟಿಸಿರುತ್ತದೆ, ಅದು ಇಲ್ಲದ ಬ್ರುನೆಲ್ಲೊವನ್ನು ನಂಬುವಂತಿಲ್ಲ. ಭಾರತದಲ್ಲಿ ದಶಕಗಳ ಕಾಲ ಶೇ 150ರ ಮಟ್ಟದಲ್ಲಿದ್ದ ಆಮದು ಸುಂಕ ಮತ್ತು ರಾಜ್ಯದ ಅಬಕಾರಿ ಸುಂಕಗಳು ಈ ವೈನುಗಳ ಬೆಲೆಯನ್ನು ಏರಿಸಿರುವುದರಿಂದ, ಹೆಚ್ಚು ಹಣ ಕೊಟ್ಟ ಮಾತ್ರಕ್ಕೆ ಹೆಚ್ಚು ಗುಣ ಸಿಕ್ಕಿತೆಂದು ಭಾವಿಸಬಾರದು. ಅಗ್ಗದ ಕಿಯಾಂತಿಗೆ ದುಬಾರಿ ಬೆಲೆ ತೆರುವುದಕ್ಕಿಂತ ಅದೇ ಹಣಕ್ಕೆ ಹಂಪಿ ಹಿಲ್ಸ್ ಇಲ್ಲವೇ ಅಕ್ಲೂಜಿನ ಸಾಂಜೊವೇಸೆ ಕೊಳ್ಳುವುದು ಅನೇಕ ವೇಳೆ ಮೇಲು. 'ವೈನ್ ಸ್ಟೋರ್ಸ್' ಎಂಬ ಫಲಕದ ಅಂಗಡಿಗಳಲ್ಲಿ ಬ್ರಾಂದಿ ವಿಸ್ಕಿಗಳೇ ತುಂಬಿರುವ ವಿನೋದ ರಾಜ್ಯದ ಎಲ್ಲ ಪಟ್ಟಣಗಳಲ್ಲೂ ಇದೆ. ಅಲ್ಲಿ ಬಿಸಿಲು ಬೀಳುವ ಕಪಾಟಿನಲ್ಲಿ ತಿಂಗಳುಗಟ್ಟಲೆ ನಿಂತ ಬಾಟಲಿಯನ್ನು ಮುಟ್ಟದಿರುವುದು ಲೇಸು. ರಾಜ್ಯದ ವೈನ್ ಮಂಡಳಿಯು ಬೆಂಗಳೂರು ಮೊದಲಾದ ನಗರಗಳಲ್ಲಿ ನಡೆಸುವ ದ್ರಾಕ್ಷಾರಸ ಉತ್ಸವಗಳಲ್ಲಿ ಹಲವು ತಯಾರಕರ ವೈನುಗಳನ್ನು ಅಕ್ಕಪಕ್ಕ ಇಟ್ಟು ರುಚಿ ನೋಡಲು ಅವಕಾಶವಿರುತ್ತದೆ.

ಕೆಂಪು ವೈನನ್ನು ಕೋಣೆಯ ಉಷ್ಣತೆಯಲ್ಲಿ ಬಡಿಸಬೇಕೆಂಬ ಮಾತು ಯುರೋಪಿನ ಚಳಿಯ ಮನೆಗಳಿಗೆ ಹೊಂದುವಂಥದ್ದು. ಸಾಂಜೊವೇಸೆಗೆ ತಕ್ಕದ್ದು 16ರಿಂದ 18 ಡಿಗ್ರಿ ಸೆಲ್ಸಿಯಸ್. ದಾವಣಗೆರೆಯ ಬೇಸಿಗೆಯ ಕೋಣೆಯಲ್ಲಿ ಅದರ ಎರಡು ಪಟ್ಟು ಇರುವುದರಿಂದ ಬಾಟಲಿಯನ್ನು ತಕ್ಕಷ್ಟು ತಂಪಾಗುವವರೆಗೆ ಫ್ರಿಜ್ಜಿನಲ್ಲಿಟ್ಟು ತೆಗೆಯಬೇಕು, ಇಲ್ಲದಿದ್ದರೆ ಮದ್ಯಸಾರದ ಘಾಟೊಂದೇ ಮೂಗಿಗೆ ಬಡಿಯುತ್ತದೆ. ಎಳೆಯ ಬ್ರುನೆಲ್ಲೊವನ್ನು ಅಗಲ ಬಾಯಿಯ ಗಾಜಿನ ಹೂಜಿಗೆ ಸುರಿದು ಒಂದೆರಡು ಗಂಟೆ ಬಿಟ್ಟರೆ ಗಾಳಿ ತಾಗಿ ಒಗರು ಸಡಿಲವಾಗುತ್ತದೆ. ಇಲ್ಲಿನ ಸಾಂಜೊವೇಸೆಗೆ ಅರ್ಧ ಗಂಟೆ ಧಾರಾಳ ಸಾಕು.

ಊಟದ ಜೊತೆಗಲ್ಲದೆ ಬರಿದೇ ಕುಡಿಯುವ ವೈನು ಇದಲ್ಲ. ಕೊಬ್ಬು ಮತ್ತು ಮಾಂಸದ ಅಂಶ ಟ್ಯಾನಿನ್ನನ್ನು ಹಿಡಿದು ಒಗರು ತಗ್ಗಿಸುತ್ತವೆ, ಟೊಮೆಟೊದ ಹುಳಿ ವೈನಿನ ಹುಳಿಗೆ ಸಾಟಿಯಾಗುತ್ತದೆ. ಹೀಗಾಗಿ ಕುರಿಮಾಂಸದ ಹದವಾದ ಮಸಾಲೆಯ ಸಾರು, ಕೀಮಾ, ಬದನೆಕಾಯಿ ಎಣ್ಣೆಗಾಯಿ, ಟೊಮೆಟೊ ಗೊಜ್ಜಿನ ಜೊತೆ ಜೋಳದ ರೊಟ್ಟಿ ಇವು ಒಪ್ಪುತ್ತವೆ. ಮಂಡಕ್ಕಿ ಮಿರ್ಚಿಯ ಖಾರದ ಮುಂದೆ ಮಾತ್ರ ಈ ವೈನು ನಿಲ್ಲಲಾರದು. ಖಾರ ಮದ್ಯಸಾರದ ಉರಿಯನ್ನೂ ಟ್ಯಾನಿನ್ನಿನ ಬಿಗಿಯನ್ನೂ ಹೆಚ್ಚಿಸಿ ಎರಡರ ರುಚಿಯನ್ನೂ ಕೆಡಿಸುತ್ತದೆ. ಇದರಲ್ಲಿ ಸಾಮಾನ್ಯವಾಗಿ ಶೇ 13ರಿಂದ 14.5ರಷ್ಟು ಮದ್ಯಸಾರವಿರುವುದರಿಂದ, ಹಣ್ಣಿನ ರಸದಿಂದ ಬಂದದ್ದೆಂಬ ಕಾರಣಕ್ಕೆ ಇದನ್ನು ಆರೋಗ್ಯ ಪೇಯವೆಂದು ಹೊಗಳುವವರ ಮಾತಿಗೆ ಕಿವಿಗೊಡಬೇಕಾಗಿಲ್ಲ. ವಾಹನ ನಡೆಸುವವರು, ಗರ್ಭಿಣಿಯರು, ಔಷಧ ಸೇವಿಸುತ್ತಿರುವವರು ದೂರವಿರಬೇಕಾದ ಮದ್ಯವೇ ಇದು.

ತೆರೆಯದ ಬಾಟಲಿಗೆ ಬಿರಡೆ ಹಾಕಿದ್ದರೆ ಅದು ಒಣಗದಂತೆ ಬಾಟಲಿಯನ್ನು ಅಡ್ಡಲಾಗಿ, ಕತ್ತಲೆಯಲ್ಲಿ, ಮನೆಯ ಅತ್ಯಂತ ತಂಪಾದ ಮೂಲೆಯಲ್ಲಿ ಮಲಗಿಸಬೇಕು. ತಿರುಪಿನ ಮುಚ್ಚಳವಿದ್ದರೆ ನಿಲ್ಲಿಸಿದರೂ ಅಡ್ಡಿಯಿಲ್ಲ. ಹವಾನಿಯಂತ್ರಣವಿಲ್ಲದ ಮನೆಯಲ್ಲಿ ಬ್ರುನೆಲ್ಲೊವನ್ನು ಹತ್ತು ವರ್ಷ ಮಾಗಿಸುವ ಆಸೆ ಬಯಲುಸೀಮೆಯ ಒಂದು ಬೇಸಿಗೆಗೇ ಮುಗಿಯುತ್ತದೆ, ಆದ್ದರಿಂದ ಕೊಂಡ ವರ್ಷವೇ ತೆರೆಯುವುದು ಕ್ಷೇಮ. ತೆರೆದ ಮೇಲೆ ಉಳಿದದ್ದನ್ನು ಬಿಗಿಯಾಗಿ ಮುಚ್ಚಿ ಫ್ರಿಜ್ಜಿನಲ್ಲಿಟ್ಟರೆ ಮೂರು ದಿನ ಕುಡಿಯುವ ಹದದಲ್ಲಿರುತ್ತದೆ. ಆಮೇಲೂ ಮಿಕ್ಕಿದ್ದು ಮಾಂಸದ ಅಡುಗೆಗೆ ಸಲ್ಲುತ್ತದೆ.